ಬೆಲೆಪಟ್ಟಿಯಲ್ಲಿಲ್ಲದ ರೈಲು

ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನಲ್ಲಿ ರೇಷಿಯನ್ ರೈಲ್ವೆ ಎಂಬ ಮೀಟರ್‌ಗೇಜ್ ರೈಲು ಓಡುತ್ತದೆ. ಅದರ ಹಳಿಯೆಲ್ಲ ಸೇರಿದರೂ ನಾನೂರು ಕಿಲೋಮೀಟರ್ ಮುಟ್ಟುವುದಿಲ್ಲ. ಆದರೂ ಅದರ ಎಂಜಿನ್ನು, ಬೋಗಿ, ಸರಕಿನ ಡಬ್ಬಿಗಳನ್ನು 87ರಲ್ಲಿ ಒಂದು ಭಾಗಕ್ಕೆ ಇಳಿಸಿ, ಬಣ್ಣ ಹಚ್ಚಿ, ಮೋಟಾರು ಕೂರಿಸಿ ಮಾರುವ ಬೆಮೊ ಎಂಬ ಜರ್ಮನ್ ಕಂಪನಿಯಿದೆ. ದುಡ್ಡು ಕೊಟ್ಟು ಪೆಟ್ಟಿಗೆ ಬಿಚ್ಚಿ ಹಳಿಯ ಮೇಲಿಟ್ಟರೆ ಅದು ಓಡುತ್ತದೆ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರಿಗೂ ಮೀರಿ ಮೀಟರ್‌ಗೇಜ್ ಇತ್ತು. ಅದರದೊಂದು ಎಳೆ 1884ರ ಹೊತ್ತಿಗೆ ಬೆಂಗಳೂರಿನಿಂದ ಗುಬ್ಬಿಗೆ ಬಂದು, 1889ರೊಳಗೆ ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತು. ಆ ಹಳಿಯ ಮೇಲೆ ಹೊಗೆಯುಗುಳುತ್ತ ಓಡಿದ ವೈಪಿ ಎಂಜಿನ್ನಿನ ಮಾದರಿ ಕೊಡಿ ಎಂದು ಕೇಳಿದರೆ, ಕಪಾಟಿನಿಂದ ಇಳಿಸಿ ಕೊಡುವ ಅಂಗಡಿ ನನಗೆ ಗೊತ್ತಿಲ್ಲ. ತಿಪಟೂರು ಸ್ಟೇಷನ್ನಿನ ಕಟ್ಟಡ, ಬಾಣಸಂದ್ರದ ಗೇಟು, ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯ ಮಾತಂತೂ ಎತ್ತಲೇಬಾರದು.

ನೊಣವಿನಕೆರೆಯಲ್ಲಿ ಕೂತು ಮಾದರಿ ರೈಲಿನ ವಿಚಾರ ಬರೆಯುವುದು ಕೆಲವರಿಗೆ ತಮಾಷೆಯಾಗಿ ಕಂಡೀತು. ನಮ್ಮೂರಿಗೆ ನಿಜವಾದ ರೈಲೇ ಇಲ್ಲ. ತಿಪಟೂರಿಗೋ ಬಾಣಸಂದ್ರಕ್ಕೋ ಹೋಗಿ ಹತ್ತಬೇಕು. ಆದರೆ ಈ ಹವ್ಯಾಸದೊಳಗೆ ಬಹುಕಾಲದಿಂದ ನಡೆದಿರುವ ಒಂದು ಜಗಳಕ್ಕೆ ನಮ್ಮ ಸೀಮೆಯಿಂದ ಹೇಳಬೇಕಾದ ಮಾತೊಂದಿದೆ ಎಂದು ನನಗೆ ಅನ್ನಿಸಿದೆ.

ಜಗಳ ಇಷ್ಟೇ. ತಗಡು ಕತ್ತರಿಸಿ, ಬೆಸುಗೆ ಹಾಕಿ, ರಟ್ಟು ಮಡಚಿ ತಾನೇ ಎಂಜಿನ್ನು ಕಟ್ಟುವವನು ಅಸಲಿ ಹವ್ಯಾಸಿ, ಪೆಟ್ಟಿಗೆ ಕೊಂಡು ತಂದವನು ಬರೀ ಗಿರಾಕಿ ಎನ್ನುವುದು ಒಂದು ಗುಂಪು. ಕಾರ್ಖಾನೆಯಿಂದ ಬಂದದ್ದು ಕೈಯಲ್ಲಿ ಮಾಡಿದ್ದಕ್ಕಿಂತ ನುಣುಪಾಗಿದೆ, ಚೆನ್ನಾಗಿ ಓಡುತ್ತದೆ, ಸುಮ್ಮನೆ ಬೆರಳು ಸುಟ್ಟುಕೊಳ್ಳುವುದೇಕೆ ಎನ್ನುವುದು ಇನ್ನೊಂದು. ಮೊದಲನೆಯವರ ಮಾತಿನಲ್ಲಿ ಜಂಬ ಹೆಚ್ಚು, ಎರಡನೆಯವರ ಮಾತಿನಲ್ಲಿ ಸೋಮಾರಿತನ ಹೆಚ್ಚು. ಎರಡೂ ಕಡೆಯವರು ಕೈಗೂ ಯಂತ್ರಕ್ಕೂ ನಡುವೆ ಒಂದು ಗೋಡೆ ಇದೆಯೆಂದು ನಂಬಿದ್ದಾರೆ. ಅಂಥ ಗೋಡೆ ಯಾವತ್ತೂ ಇರಲಿಲ್ಲ.

ಫ್ರಾಂಕ್ ಹಾರ್ನ್‌ಬಿಯನ್ನೇ ನೋಡಿ. ಲಿವರ್‌ಪೂಲಿನ ಈ ಮನುಷ್ಯ 1901ರಲ್ಲಿ ಪೇಟೆಂಟ್ ಪಡೆದದ್ದು ತೂತುಗಳಿರುವ ತಗಡಿನ ಪಟ್ಟಿ, ನಟ್ಟು, ಬೋಲ್ಟುಗಳ ಆಟಕ್ಕೆ. ಮುಂದೆ ಮೆಕ್ಯಾನೊ ಎಂದು ಹೆಸರಾದ ಆ ಪೆಟ್ಟಿಗೆಯ ತಮ್ಮನೇ ನಮ್ಮ ಕಡೆಯ ಹುಡುಗರು ಕಂಡ ಮೆಕ್ಯಾನಿಕ್ಸ್. ಬೇಕಾದ್ದನ್ನು ನೀನೇ ಕಟ್ಟಿಕೋ ಎಂಬುದು ಅದರ ಧರ್ಮ. ಅದೇ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟರೆ ಓಡುವ ಸಿದ್ಧ ರೈಲನ್ನೂ ಮಾರುಕಟ್ಟೆಗೆ ತಂದ. ಆ ಮೊದಲ ರೈಲನ್ನು ಮೆಕ್ಯಾನೊದಂತೆಯೇ ನಟ್ಟು ಬಿಚ್ಚಿ ಮತ್ತೆ ಜೋಡಿಸಬಹುದಿತ್ತು! ಕಟ್ಟುವುದನ್ನೂ ಕೊಳ್ಳುವುದನ್ನೂ ಒಬ್ಬನೇ ಮನುಷ್ಯ, ಒಂದೇ ಪೆಟ್ಟಿಗೆಯಲ್ಲಿ ಮಾರಿದ್ದ. ಜರ್ಮನಿಯ ಮಾರ್ಕ್ಲಿನ್ ಕಂಪನಿ ಅದಕ್ಕೂ ಮೊದಲೇ, 1891ರಲ್ಲಿ, ಲೈಪ್‌ಜಿಗ್ ಜಾತ್ರೆಯಲ್ಲಿ ಅಳತೆ ಗೊತ್ತುಮಾಡಿದ ಹಳಿಗಳನ್ನು ತೋರಿಸಿತ್ತು. ಹಳಿಯ ಅಗಲ ಎಲ್ಲರಿಗೂ ಒಂದೇ ಆದದ್ದರಿಂದಲೇ ಒಬ್ಬ ಮಾಡಿದ ಬೋಗಿ ಇನ್ನೊಬ್ಬನ ಹಳಿಯ ಮೇಲೆ ಓಡಲು ಸಾಧ್ಯವಾಯಿತು. ಕೈಕೆಲಸದವರು ಹೆಮ್ಮೆಪಡುವ ಸ್ವಾತಂತ್ರ್ಯದ ಅಡಿಪಾಯ ಕಾರ್ಖಾನೆಯವರು ಹಾಕಿದ್ದು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ತಾಲ್ಲೂಕಿನದೇ ಆದ ಅರಳಗುಪ್ಪೆಯ ಚೆನ್ನಕೇಶವ ದೇವಸ್ಥಾನ ಹದಿಮೂರನೆಯ ಶತಮಾನದ್ದು. ಹೊನ್ನೋಜನೆಂಬ ಶಿಲ್ಪಿಯ ಹೆಸರು ಅಲ್ಲಿ ಸಿಗುತ್ತದೆ. ಹೊಯ್ಸಳರ ಗುಡಿಗಳ ಹೊರಗೋಡೆಯನ್ನು ಗಮನಿಸಿದವರು ಕಂಡಿರುತ್ತಾರೆ: ವಿಗ್ರಹಗಳ ನೆತ್ತಿಯ ಮೇಲೆ, ಅರೆಗಂಬಗಳ ತುದಿಯಲ್ಲಿ ಗೇಣುದ್ದದ ಪುಟ್ಟ ಪುಟ್ಟ ಶಿಖರಗಳು. ದೊಡ್ಡ ಗೋಪುರದ ಕಲಶ, ಅಂತಸ್ತು, ಮೂಲೆಗಳನ್ನೆಲ್ಲ ಪ್ರಮಾಣ ತಪ್ಪದಂತೆ ಕಿರಿದು ಮಾಡಿ ಕೆತ್ತಿದವು. ಮಾದರಿ ಕಟ್ಟುವ ಹುಚ್ಚು ಈ ನೆಲಕ್ಕೆ ಹಡಗಿನಲ್ಲಿ ಬಂದದ್ದಲ್ಲ. ಇನ್ನು ಒಳಗೆ ಹೋದರೆ ನವರಂಗದ ಕಂಬಗಳು. ಬಳೆ ಬಳೆಯಾಗಿ ಮಿರುಗುವ ಆ ಹೊಳಪು ತಿರುಗಣೆಗೆ ಕೊಟ್ಟು ಕಡೆದದ್ದರಿಂದ ಬಂದದ್ದು ಎನ್ನುತ್ತಾರೆ ತಿಳಿದವರು. ಕಂಬ ಯಂತ್ರದ್ದು, ಅದರ ಮೇಲಿನ ಮಾಡಿನ ಭುವನೇಶ್ವರಿ ಕೈಯದ್ದು. ಪಕ್ಕಪಕ್ಕದ ಕಂಬಗಳು ಒಂದನ್ನೊಂದು ಹೋಲಿದರೆ ಯಾರೂ ಆಕ್ಷೇಪಿಸುವುದಿಲ್ಲ. ಅಂಕಣ ಅಂಕಣಕ್ಕೂ ಮಾಡಿನ ಕೆತ್ತನೆ ಬೇರೆಯಾಗಿರಬೇಕೆಂದು ಮಾತ್ರ ಬಯಸುತ್ತೇವೆ. ಯಾವುದನ್ನು ತಿರುಗಣೆಗೆ ಬಿಡಬೇಕು, ಯಾವುದನ್ನು ಉಳಿಗೆ ಉಳಿಸಿಕೊಳ್ಳಬೇಕು ಎಂಬ ವಿವೇಕ ಆ ಶಿಲ್ಪಿಗಳಿಗಿತ್ತು. ಮಾದರಿ ರೈಲಿನವರ ಜಗಳದಲ್ಲಿ ಕಾಣೆಯಾಗಿರುವುದು ಅದೇ ವಿವೇಕ.

ಚನ್ನಪಟ್ಟಣದ ಮರದ ರೈಲನ್ನು ತೆಗೆದುಕೊಳ್ಳಿ. ಹಾಲೆ ಮರವನ್ನು ತಿರುಗಣೆಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ಹೊಳಪು ಬರಿಸಿ ಮಾಡುವ ಆ ಆಟಿಕೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಇದೆ. ಮಾಡುವವನಿಗೆ ಅದು ಕಸುಬು, ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಕೊಳ್ಳುವವರಿಗೆ ಸಿದ್ಧವಸ್ತು. ಚೀನಾದ ಕಾರ್ಖಾನೆಗಳಿಂದ ಬರುವ ಮಾದರಿ ಎಂಜಿನ್ನುಗಳಲ್ಲೂ ಹಾಗೆಯೇ: ಕೈಹಿಡಿಕೆ, ಏಣಿ, ಕಿಟಕಿಯ ಸರಳುಗಳನ್ನು ಚಿಮುಟದಲ್ಲಿ ಹಿಡಿದು ಅಂಟಿಸುವವರು ಮನುಷ್ಯರೇ. ಕೈ ಮುಟ್ಟದ ಸಿದ್ಧವಸ್ತು ಎಂಬುದೊಂದು ಇಲ್ಲ. ಹಾಗಾಗಿ ಇದನ್ನು ಕೈಯಲ್ಲಿ ಮಾಡಿದರೋ ಯಂತ್ರದಲ್ಲೋ ಎಂಬ ಪ್ರಶ್ನೆಯಿಂದ ದೊಡ್ಡದೇನೂ ಹೊರಡುವುದಿಲ್ಲ. ಕೇಳಬೇಕಾದ್ದು ಬೇರೆ: ಇದನ್ನು ಮಾಡುವ ಮುಂಚೆ ಅಸಲನ್ನು ಹೋಗಿ ನೋಡಿದವರು ಯಾರು?

ಪೆಟ್ಟಿಗೆಯ ರೈಲು ಕೊಂಡಾಗ ನಮ್ಮ ಪರವಾಗಿ ಇನ್ನಾರೋ ನೋಡಿರುತ್ತಾರೆ, ಅಳೆದಿರುತ್ತಾರೆ, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿರುತ್ತಾರೆ. ಅವರು ನೋಡಿದ್ದು ನಮಗೆ ಬೇಕಾದ್ದನ್ನೇ ಆಗಿದ್ದರೆ ಲಾಭವೇ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದವನಿಗೆ ಆ ಅನುಕೂಲವಿದೆ: ಅವನ ತಾತ ಹತ್ತಿದ ರೈಲು, ಅಜ್ಜಿಯ ಊರಿನ ಸ್ಟೇಷನ್ನು, ಅಲ್ಲಿನ ಲ್ಯಾಂಪಿನ ಕಂಬ ಸಹ ಬೆಲೆಪಟ್ಟಿಯಲ್ಲಿವೆ. ಅವನು ಕೈಕೆಲಸ ಮಾಡುವುದು ಖುಷಿಗೆ. ನಮಗೆ ಆ ಆಯ್ಕೆಯೇ ಇಲ್ಲ. ಮಾರಾಟವಾಗುವಷ್ಟು ಗಿರಾಕಿಗಳಿಲ್ಲದ ಸೀಮೆಯನ್ನು ಯಾವ ಕಾರ್ಖಾನೆಯೂ ನೋಡುವುದಿಲ್ಲ. ಬೆಲೆಪಟ್ಟಿಯಲ್ಲಿ ಇಲ್ಲದ್ದು ಮೇಜಿನ ಮೇಲೆ ಬರುವುದಿಲ್ಲ. ಮೇಜಿನ ಮೇಲೆ ಸ್ವಿಸ್ ಗುಡ್ಡಗಳನ್ನೇ ನೋಡುತ್ತ ಬೆಳೆದ ಮಗುವಿಗೆ ರೈಲು ಎಂದರೆ ಹಿಮದ ನಡುವೆ ಓಡುವ ಕೆಂಪು ಡಬ್ಬಿ.

ನಮ್ಮ ಸೀಮೆಗೆ ತೆಂಗಿನ ಮರಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮಾದರಿ ರೈಲಿನ ಸರಕು ಮಾರುವವರಲ್ಲಿ ಪ್ಲಾಸ್ಟಿಕ್ಕಿನ ತೆಂಗು ಧಾರಾಳವಾಗಿ ಸಿಗುತ್ತದೆ. ಬುಡದಲ್ಲಿ ಬಾಗಿ, ಸೊಂಟ ಬಳುಕಿಸಿ, ಸಮುದ್ರದ ಕಡೆಗೆ ಕತ್ತು ಚಾಚಿದ ಮರ; ತುದಿಯಲ್ಲಿ ಏಳೆಂಟು ದಪ್ಪ ಹಸಿರು ಗರಿ. ಅದು ರೆಸಾರ್ಟಿನ ಮರ. ತಿಪಟೂರು ಟಾಲ್ ಎಂದು ಹೆಸರಾದ ನಮ್ಮ ತಳಿ ಹಾಗಿಲ್ಲ. ಬಯಲಿನಲ್ಲಿ ನೆಟ್ಟಗೆ ಮೇಲೇರುತ್ತದೆ, ಮೂವತ್ತು ಅಡಿಗೊಂದರಂತೆ ಸಾಲು ಹಿಡಿದು ನಿಲ್ಲುತ್ತದೆ. ತೋಟದ ಗುರುತೇ ಆ ಸಾಲು: ರೈಲಿನ ಕಿಟಕಿಯಿಂದ ನೋಡುವವರಿಗೆ ಸಾಲು ತೆರೆದುಕೊಂಡು, ಓರೆಯಾಗಿ, ಮುಚ್ಚಿಕೊಂಡು, ಮತ್ತೆ ತೆರೆಯುತ್ತದೆ. ಬಳುಕುವ ಮರಗಳಿಂದ ಆ ನೋಟ ಹುಟ್ಟುವುದಿಲ್ಲ.

ಲೆಕ್ಕ ಹಾಕೋಣ. ಅರವತ್ತು ಅಡಿಯ ಮರ 87ರಲ್ಲಿ ಒಂದು ಭಾಗಕ್ಕೆ ಇಳಿದರೆ ಸುಮಾರು 21 ಸೆಂಟಿಮೀಟರ್. ಮರದಿಂದ ಮರಕ್ಕೆ ಹತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಎಕರೆ ತೋಟ ಅರ್ಧ ಚದರ ಮೀಟರಿನ ಆಸುಪಾಸಿಗೆ ಬರುತ್ತದೆ, ಅದರಲ್ಲಿ ಐವತ್ತರ ಸುಮಾರು ಮರ. ಊಟದ ಮೇಜಿನ ಒಂದು ತುದಿಯಲ್ಲಿ ಒಂದು ಎಕರೆ ತೋಟ! ಕಾಂಡಕ್ಕೆ ಬಿದಿರು ಕಡ್ಡಿ ಸಾಕು. ಗರಿಗೆ ಕಾಗದ ಮಡಚಿ ಎರಡೂ ಅಂಚು ಕತ್ತರಿಯಿಂದ ಸೀಳಿದರೆ ಆಯಿತು. ನೆಲಕ್ಕೆ ಜರ್ಮನಿಯಿಂದ ಪುಡಿ ತರಿಸಬೇಕಿಲ್ಲ. ನಾರಿನ ಕಾರ್ಖಾನೆಗಳ ಹಿಂದೆ ರಾಶಿ ಬಿದ್ದಿರುವ ನಾರಿನ ಪುಡಿಯನ್ನೂ ತೋಟದ ಕೆಮ್ಮಣ್ಣನ್ನೂ ಬಟ್ಟೆಯಲ್ಲಿ ಸೋಸಿದರೆ ಅದಕ್ಕಿಂತ ಅಸಲಿಯಾದದ್ದು ಸಿಗುವುದಿಲ್ಲ. ತೋಟದಲ್ಲಿ ಆಡುವ ಹುಡುಗರು ಉದುರಿದ ತೆಂಗಿನ ಹರಳಿಗೆ ಗರಿಕಡ್ಡಿ ಚುಚ್ಚಿ ಗಾಡಿ ಮಾಡಿದವರು, ಗರಿಯಲ್ಲಿ ಪೀಪಿ, ಗಡಿಯಾರ, ಹಾವು ಹೆಣೆದವರು. ಅವರ ಬೆರಳಿಗೆ ಈ ಕೆಲಸ ಹೊಸದಲ್ಲ.

ಕಷ್ಟವಿರುವುದು ಬೆರಳಿಗಿಂತ ಕಣ್ಣಿಗೆ. ಮರ ಮಾಡಲು ಕೂತವನಿಗೆ ಪ್ರಶ್ನೆಗಳು ಶುರುವಾಗುತ್ತವೆ. ಕೆಳಗಿನ ಸೋಗೆ ಎಷ್ಟು ಬಾಗುತ್ತದೆ? ಒಣಗಿದ್ದು ಮರದಲ್ಲೇ ಜೋತು ಬೀಳುತ್ತದೋ, ಕಳಚಿ ಬೀಳುತ್ತದೋ? ಕಾಂಡ ಬೂದಿ ಬಣ್ಣವೋ ಕಂದೋ? ಹುಟ್ಟಿದಾಗಿನಿಂದ ತೆಂಗಿನ ಕೆಳಗೇ ಬದುಕಿದವರೂ ತಡಬಡಾಯಿಸುತ್ತಾರೆ. ಕಾಲದ ಪ್ರಶ್ನೆ ಇನ್ನೂ ಸೂಕ್ಷ್ಮ. ನಮ್ಮ ದಾರಿಯ ಮೀಟರ್‌ಗೇಜ್ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಸೋಗೆಯ ಮೇಲೆಲ್ಲ ಕಪ್ಪು ಬೂಷ್ಟು ತರುವ ರುಗೋಸ್ ಸುರುಳಿ ಬಿಳಿನೊಣ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ. ಹಾಗಾದರೆ ಹೊಗೆ ಎಂಜಿನ್ನು ಓಡುವ ಮಾದರಿಯಲ್ಲಿ ತೋಟ ತೊಳೆದಂತೆ ಹಸಿರಾಗಿರಬೇಕು. ಇವತ್ತಿನ ವಂದೇ ಭಾರತ್ ಓಡಿಸುವುದಾದರೆ ಹಸಿರಿನ ಮೇಲೆ ಒಂದು ಪದರ ಮಸಿ ಬಳಿಯಬೇಕು. ಈ ಒಂದು ಕುಂಚದ ಎಳೆತದಲ್ಲಿ ರೈತನ ಹಲವು ವರ್ಷದ ಗೋಳು ಇದೆ. ಇದನ್ನು ಯಾವ ಕಾರ್ಖಾನೆ ಪ್ಯಾಕೆಟ್ಟಿನಲ್ಲಿ ಹಾಕಿ ಕೊಡುತ್ತದೆ?

ಕೊಬ್ಬರಿ ಅಟ್ಟದ ವಿಷಯವೂ ಹೀಗೆಯೇ. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಗಿಟುಕು ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಬಿಡಬೇಕು. ತಿಪಟೂರಿನ ಎಪಿಎಂಸಿಗೆ ಬಂದು ಉತ್ತರ ಭಾರತಕ್ಕೆ ಹೋಗುವ ಮಾಲು ಹುಟ್ಟುವುದು ಆ ಅಟ್ಟದಲ್ಲಿ. ಆರ್‌ಸಿಸಿ ಮನೆಗಳು ಬಂದ ಮೇಲೆ ಹಳೆಯ ಅಟ್ಟಗಳು ಒಂದೊಂದಾಗಿ ಹೋಗುತ್ತಿವೆ. ಅದರ ತೊಲೆ, ಸಂದು, ಗಾಳಿಯಾಡುವ ಕಿಂಡಿಗಳನ್ನು ಒಬ್ಬನಾದರೂ ರಟ್ಟಿನಲ್ಲಿ ಕಟ್ಟಲು ಹೊರಟರೆ, ಕಟ್ಟುವ ಮುಂಚೆ ಅಳೆಯಬೇಕಾಗುತ್ತದೆ. ಆ ಅಳತೆಯೇ ಒಂದು ದಾಖಲೆ.

ಇದು ಬರೀ ನನ್ನ ಕಲ್ಪನೆಯಲ್ಲ. ಆಸ್ಟ್ರೇಲಿಯಾದಿಂದ 1925ರಲ್ಲಿ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣ (ಹೆಸರೇ ಹಾಗೆ) ಅಲ್ಲಿನ ಹಳ್ಳಿಗಳ ಹುಲ್ಲು ಮಾಡಿನ ಮನೆಗಳು ಕಣ್ಣೆದುರೇ ಹಾಳಾಗುವುದನ್ನು ಕಂಡು ಸಂಕಟಪಟ್ಟ. ಅವನ್ನು ಉಳಿಸುವ ಶಕ್ತಿ ಅವನಿಗಿರಲಿಲ್ಲ. ಅಳೆದು ಬರೆದುಕೊಂಡು, ರಟ್ಟಿನಲ್ಲಿ 76ರಲ್ಲಿ ಒಂದು ಭಾಗದ ಅಳತೆಗೆ ಒಂದೊಂದೇ ಮನೆ ಕಟ್ಟತೊಡಗಿದ. 1954ರಲ್ಲಿ ಅದು ಪೆಂಡನ್ ಎಂಬ ಮ್ಯೂಸಿಯಂ ಆಯಿತು. ಎಷ್ಟೋ ಮಂದಿ ಸ್ವಯಂಸೇವಕರು ಅವನ ಕೆಲಸ ಮುಂದುವರಿಸಿದರು. ಸಿದ್ಧ ರೈಲುಗಳು ಹೇರಳವಾಗಿ ಸಿಗುತ್ತಿದ್ದ ದೇಶದಲ್ಲಿ ಆತ ಕೈಯಲ್ಲಿ ಕಟ್ಟಿದ್ದು ಅಂಗಡಿಯಲ್ಲಿ ಸಿಗದಿದ್ದನ್ನು. ನಮ್ಮಲ್ಲೂ ಪುಣೆಯಲ್ಲಿ ಬಿ. ಎಸ್. ಜೋಶಿಯವರು ಜೀವಮಾನದ ಹವ್ಯಾಸವನ್ನು 1998ರಲ್ಲಿ ಪುಟಾಣಿ ರೈಲುಗಳ ಮ್ಯೂಸಿಯಂ ಆಗಿ ಜನರಿಗೆ ತೆರೆದರು. ಹೋದವರು ಮಕ್ಕಳಂತೆ ಬಾಯಿ ಬಿಟ್ಟು ನೋಡುತ್ತಾರೆ. ಒಬ್ಬ ಹವ್ಯಾಸಿಯಿಂದ ಏನೆಲ್ಲ ಆಗಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಾಗೆಂದು ಎಲ್ಲವನ್ನೂ ಕೈಯಲ್ಲೇ ಮಾಡಿ ಎಂದು ಹಟ ಹಿಡಿಯುವವರ ಜೊತೆ ನಾನಿಲ್ಲ. ಬೆಸುಗೆ ಹಾಕಿದ್ದೇನೆಂದು ಎದೆಯುಬ್ಬಿಸುವವನೂ ಮೋಟಾರನ್ನು ಕೊಂಡೇ ತಂದಿರುತ್ತಾನೆ. ಅದರ ತಂತಿಯನ್ನು ಅವನೇನೂ ಎಳೆದಿಲ್ಲ. ಸಂಜೆ ಏಳಕ್ಕೆ ಮನೆಗೆ ಬರುವವರಿಗೆ, ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಸಿದ್ಧ ಎಂಜಿನ್ನು ಈ ಲೋಕಕ್ಕೆ ಬಾಗಿಲು ತೆರೆದಿದೆ. ಅಂಥವರನ್ನು ಗಿರಾಕಿ ಎಂದು ಹೀಯಾಳಿಸುವುದು ಸಣ್ಣತನ.

ಬೆಲೆಯ ಮಾತೂ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅಳತೆಗಿಳಿಸಿದ ಮಾದರಿಗಳನ್ನೂ ಸರ್ಕಾರ ಆಟಿಕೆಗಳ ಶೀರ್ಷಿಕೆಯಲ್ಲೇ ಎಣಿಸುತ್ತದೆ. ಸ್ವದೇಶಿ ಆಟಿಕೆಗೆ ಇದರಿಂದ ಒಳ್ಳೆಯದಾಗಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಖರವಾದ ಚಕ್ರ, ಗೇರು, ಸಣ್ಣ ಮೋಟಾರುಳ್ಳ ಮಾದರಿ ಇಲ್ಲಿ ತಯಾರಾಗುವುದು ತೀರಾ ಕಡಿಮೆ. ಆದ್ದರಿಂದ ಪ್ರಾಯದ ಹುಡುಗನೊಬ್ಬ ಈ ಹವ್ಯಾಸಕ್ಕೆ ಬರಬೇಕಾದರೆ ಅಪ್ಪನ ಜೇಬು ದೊಡ್ಡದಿರಬೇಕು. ಕೈಕೆಲಸ ಇಲ್ಲಿ ಶೋಕಿಗಿಂತ ಮುಂಚೆ ಉಳಿತಾಯ.

ನನ್ನ ತೀರ್ಮಾನ ಹೀಗೆ: ಓಡುವುದನ್ನು ಕೊಳ್ಳಿ, ಅದು ಯಾವ ಊರಿನ ರೈಲು ಎಂದು ಹೇಳುವುದನ್ನೆಲ್ಲ ನೀವೇ ಮಾಡಿ. ಚಕ್ರಕ್ಕೂ ಮೋಟಾರಿಗೂ ಊರಿಲ್ಲ. ಅವು ಕಾರ್ಖಾನೆಯಲ್ಲಿ ನಮಗಿಂತ ಚೆನ್ನಾಗಿ ಆಗುತ್ತವೆ, ತಿರುಗಣೆಯ ಕಂಬದ ಹಾಗೆ. ಇಲ್ಲೊಂದು ತಮಾಷೆಯ ಲೆಕ್ಕವಿದೆ. ಜಗತ್ತಿನಲ್ಲೆಲ್ಲ ಈ ಅಳತೆಗೆ ಸಿಗುವ ಸಾಮಾನ್ಯ ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ದಾಟುತ್ತದೆ. ಸಿದ್ಧ ಹಳಿಯ ಮೇಲೆ ಇಟ್ಟ ನಮ್ಮ ಬ್ರಾಡ್‌ಗೇಜ್ ಎಂಜಿನ್ನು ಕಾಲು ಜೋಡಿಸಿ ನಿಂತಂತೆ ಕಾಣುವುದು ಅದಕ್ಕೇ. ಮೀಟರ್‌ಗೇಜ್ ಆದರೋ ಹನ್ನೊಂದೂವರೆ ಮಿಲಿಮೀಟರ್. ಆ ಸ್ವಿಸ್ ಗುಡ್ಡದ ರೈಲಿಗೆಂದು ಮಾರುವ ಹಳಿ 12. ಅರ್ಧ ಮಿಲಿಮೀಟರ್ ಯಾರ ಕಣ್ಣಿಗೂ ಬೀಳದು. ಕಿತ್ತುಹಾಕಿದ ನಮ್ಮ ಹಳಿಯನ್ನು ಅಂಗಡಿಯ ಸರಕಿನ ಮೇಲೆ ಸರಿಯಾಗಿ ಕಟ್ಟಬಹುದು, ಇವತ್ತು ಓಡುತ್ತಿರುವುದನ್ನು ಕಟ್ಟಲಾಗದು! ಸ್ವಿಸ್ ರೈಲಿನ ಹಳಿ, ಚಕ್ರ, ಮೋಟಾರು ಕೊಂಡುತಂದು ಅದರ ಮೇಲೆ ವೈಪಿಯ ಒಡಲು ಕೂರಿಸುವವನು ಕೈಕೆಲಸದವನೋ ಗಿರಾಕಿಯೋ? ಜಗಳ ಆಡುವವರು ಹೇಳಲಿ.

ಇತ್ತೀಚೆಗೆ ಮನೆಯಲ್ಲೇ 3ಡಿ ಮುದ್ರಣ ಬಂದಿದೆ, ಇನ್ನು ಕೈಕೆಲಸದ ಗೊಡವೆ ಏಕೆ ಎನ್ನುವವರಿದ್ದಾರೆ. ಮುದ್ರಿಸುವ ಯಂತ್ರಕ್ಕೆ ನಕ್ಷೆ ಬೇಕು, ನಕ್ಷೆಗೆ ಅಳತೆ ಬೇಕು. ತಿಪಟೂರಿನ ಗೂಡ್ಸ್ ಶೆಡ್ಡಿನ ಅಳತೆ ಯಾವ ಕಂಪ್ಯೂಟರಿನಲ್ಲೂ ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ಟೇಪು ಹಿಡಿದು ಹೋಗಲೇಬೇಕು. ಮುದ್ರಣ ಯಂತ್ರ ನಮಗೆ ಉಪಕಾರಿ. ಇನ್ನು ಮುಂದೆ ಬೆಸುಗೆ ಬಾರದವರೂ ಊರನ್ನು ಕಟ್ಟಬಹುದು.

ಆದರೆ ಕಾಲ ಕಡಿಮೆ ಇದೆ. ದಾರಿ ಜೋಡಿಯಾಗಿದೆ, ತಲೆಯ ಮೇಲೆ ವಿದ್ಯುತ್ ತಂತಿ ಬಂದಿದೆ, 2023ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ. ಹೊಸತಿಗೆ ಜಾಗ ಮಾಡಲು ಹಳೆಯ ಪ್ಲಾಟ್‌ಫಾರಂ, ಸಿಗ್ನಲ್ ಕೋಣೆ, ನೀರಿನ ತೊಟ್ಟಿ, ಗ್ಯಾಂಗ್‌ಮನ್ ವಸತಿಗಳು ಹೋಗುತ್ತವೆ, ಅದನ್ನು ತಡೆಯುವುದು ನಮ್ಮ ಕೈಲಿಲ್ಲ, ತಡೆಯಬೇಕೆಂದೂ ನಾನು ಹೇಳುತ್ತಿಲ್ಲ. ಎಂಜಿನ್ನು, ಸಲೂನುಗಳು ಮೈಸೂರಿನ ರೈಲು ಮ್ಯೂಸಿಯಂನಲ್ಲಿ 1979ರಿಂದ ಸುರಕ್ಷಿತವಾಗಿವೆ. 1899ರ ಮಹಾರಾಣಿ ಸಲೂನನ್ನು ಯಾವಾಗ ಬೇಕಾದರೂ ಹೋಗಿ ನೋಡಬಹುದು. ಬಾಣಸಂದ್ರದ, ಕರಡಿಯ, ಹೊನ್ನವಳ್ಳಿ ರೋಡಿನ ಸಣ್ಣಪುಟ್ಟ ಕಟ್ಟಡಗಳಿಗೆ ಅಂಥ ಮನೆಯಿಲ್ಲ.

ಈ ಸೀಮೆಯ ಹೈಸ್ಕೂಲು, ಕಾಲೇಜು, ಐಟಿಐಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಅನುಪಾತ, ಪ್ರಮಾಣ ಎಂದು ಕಪ್ಪುಹಲಗೆಯ ಮೇಲೆ ಹೇಳಿಕೊಡುವ ಪಾಠವನ್ನು ಒಂದು ಸಲ ಹೊರಗೆ ಒಯ್ಯಿರಿ. ಸ್ಟೇಷನ್ ಮಾಸ್ತರರ ಅನುಮತಿ ಪಡೆದು, ಹಳಿಗೆ ಇಳಿಯದೆ, ಹಳೆಯ ಕಟ್ಟಡದ ಉದ್ದ, ಅಗಲ, ಬಾಗಿಲು, ಕಿಟಕಿ, ಹೆಂಚಿನ ಸಾಲು ಮಕ್ಕಳಿಂದ ಅಳೆಸಿ. ನಿವೃತ್ತರಾದ ಗ್ಯಾಂಗ್‌ಮನ್, ಗೇಟ್‌ಕೀಪರ್‌ಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಯಾವ ಕಂಬ ಎಲ್ಲಿತ್ತು ಎಂದು ಕೇಳಿ ಬರೆಸಿಕೊಳ್ಳಿ. ಮಾದರಿ ಕಟ್ಟುವುದು ಈ ವರ್ಷವೇ ಆಗಬೇಕೆಂದಿಲ್ಲ. ರಟ್ಟು, ಅಂಟು, ಮೋಟಾರು ಯಾವಾಗ ಬೇಕಾದರೂ ಸಿಗುತ್ತವೆ. ಅಳತೆಯನ್ನು ಮಾತ್ರ ಈ ಬೇಸಿಗೆ ರಜೆಗೆ ಮುಂಚೆ ತೆಗೆದಿಡಿ.